ಪಾರ್ಕಿನ್ಸನ್ ಕಾಯಿಲೆಗೆ ಪುನಶ್ಚೇತನ ಚಿಕಿತ್ಸೆ: ಸಂಶೋಧನೆಗಳು ಒಂದಕ್ಕೊಂದು ಎದುರಾಡುವುದೇಕೆ?

ಪ್ರಶ್ನೆ
ಬರೆದವರು: ಬಾಗಿಲಬಳಿ

ನನ್ನ ತಂದೆಯವರಿಗೆ 69 ವರ್ಷ. ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ 6 ವರ್ಷಗಳಾದವು. ಲೆವೊಡೋಪಾ ಮಾತ್ರೆಯಿಂದ ಕೈನಡುಕವೂ ಮೈಬಿಗಿತವೂ ಸಾಕಷ್ಟು ಹತೋಟಿಯಲ್ಲಿವೆ. ಹತೋಟಿಗೆ ಬಾರದೆ ಉಳಿದಿರುವುದು ನಡಿಗೆ. ಅಗಲವಾದ ಜಾಗದಲ್ಲಿ ತಕ್ಕಮಟ್ಟಿಗೆ ನಡೆಯುವವರು ಬಚ್ಚಲಿನ ಬಾಗಿಲ ಬಳಿ ಬಂದೊಡನೆ ಗಕ್ಕನೆ ನಿಂತುಬಿಡುತ್ತಾರೆ. ಎರಡೂ ಕೈಗಳು ಚೌಕಟ್ಟಿನ ಮೇಲಿರುತ್ತವೆ, ಮೈ ಮುಂದಕ್ಕೆ ಬಾಗಿರುತ್ತದೆ, ಹಿಮ್ಮಡಿ ಮೇಲೆದ್ದು ಮೊಣಕಾಲುಗಳು ಅದುರುತ್ತಿರುತ್ತವೆ. ಆದರೆ ಪಾದದ ಬೆರಳುಗಳು ಮಾತ್ರ ನೆಲಕ್ಕೆ ಅಂಟು ಹಾಕಿದಂತೆ ಕೂತುಬಿಡುತ್ತವೆ. ಕಳೆದ ತಿಂಗಳು ಹೀಗೆ ನಿಂತಾಗ ಬೇರೇನೂ ತೋಚದೆ ನನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡಲಾಗಿ ಇಟ್ಟೆ. ಅವರು ಅದನ್ನು ದಾಟಿಕೊಂಡು, ಏನೂ ಆಗಿಲ್ಲವೆಂಬಂತೆ ಒಳಗೆ ನಡೆದುಹೋದರು. ಕಾಲಿನಲ್ಲಿ ಶಕ್ತಿ ಇದೆ ಎಂದಾದರೆ ಅದು ಬಾಗಿಲಲ್ಲಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಿಂದೆ ಒಂದು ಚಿಕಿತ್ಸಾಲಯದಲ್ಲಿ ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿದೆವು. ತಿಂಗಳಿಗೆ ಎರಡು ಸಲ ಹೋಗುವುದು, ಬಿಸಿ ಶಾಖ ಕೊಡುವುದು, ಕೈಕಾಲು ಎಳೆದು ಸಡಿಲಿಸುವುದು, ಅಷ್ಟೇ. ಬಾಗಿಲಿನ ಸಮಸ್ಯೆಯನ್ನು ಹೇಳಿದಾಗ "ವಯಸ್ಸಾಯಿತಲ್ಲ" ಎಂಬ ಉತ್ತರ ಬಂತು. ಬದಲಾವಣೆ ಏನೂ ಕಾಣದ್ದರಿಂದ ಬಿಟ್ಟೆವು. ಆಮೇಲೆ ನಾನೇ ಓದಲು ಕುಳಿತೆ. ಓದಿದಷ್ಟೂ ಗೊಂದಲ ಹೆಚ್ಚಿತು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಿಡಿ ರಿಹ್ಯಾಬ್ ಎಂಬ ದೊಡ್ಡ ಅಧ್ಯಯನ, 762 ಮಂದಿಯನ್ನು ಪರೀಕ್ಷಿಸಿ, ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಯಿಂದ (ದಿನಬಳಕೆಯ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ದಿನನಿತ್ಯದ ಚಟುವಟಿಕೆಗಳಲ್ಲಿ ಗಣನೀಯ ಪ್ರಯೋಜನ ಕಾಣಲಿಲ್ಲ ಎನ್ನುತ್ತದೆ. 2019ರ ನೆದರ್ಲೆಂಡ್ಸ್ ಅಧ್ಯಯನವೊಂದು ಮನೆಯಲ್ಲೇ ಸೈಕಲ್ ಯಂತ್ರ ತುಳಿದವರಲ್ಲಿ ಕಾಯಿಲೆಯ ಲಕ್ಷಣಗಳು ಉಲ್ಬಣಿಸುವುದು ತಗ್ಗಿತು ಎನ್ನುತ್ತದೆ. ಎರಡೂ ಹೆಸರುವಾಸಿ ವೈದ್ಯಕೀಯ ಪತ್ರಿಕೆಗಳಲ್ಲೇ ಬಂದಿವೆ. ಯಾವುದನ್ನು ನಂಬಬೇಕು? ತಂದೆಯವರನ್ನು ಮತ್ತೆ ಚಿಕಿತ್ಸೆಗೆ ಹೊರಡಿಸುವುದಾದರೆ ಯಾವುದಕ್ಕೆ, ಎಷ್ಟಕ್ಕೆ ಎಂದು ತಿಳಿದವರು ದಯವಿಟ್ಟು ಬರೆಯಿರಿ.


ಉತ್ತರ 1
ಬರೆದವರು: ಹೆಜ್ಜೆಲೆಕ್ಕ

ನಾನು ಫಿಸಿಯೋಥೆರಪಿಸ್ಟ್, ನರರೋಗಿಗಳೊಂದಿಗೆ ಕೆಲಸ ಮಾಡಿ ಹದಿನೈದು ವರ್ಷ ದಾಟಿದೆ. ನೀವು ಪಾದ ಅಡ್ಡ ಇಟ್ಟಾಗ ಕಂಡ ಸಂಗತಿಯೇ ಈ ಕ್ಷೇತ್ರದ ಅರ್ಧ ಸಂಶೋಧನೆಗೆ ಮೂಲ ಎಂದರೆ ನಂಬುತ್ತೀರಾ? ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ನಡೆಯುವಾಗ ನಾವು ಯಾರೂ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಕಲಿತು ಪಳಗಿದ ಚಲನೆಗಳನ್ನು ತಾನಾಗಿ ನಡೆಯುವಂತೆ ಮಾಡುವುದರಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ದೊಡ್ಡ ಪಾತ್ರವಿದೆ. ಅದಕ್ಕೆ ಡೋಪಮೈನ್ ಎಂಬ ರಾಸಾಯನಿಕವನ್ನು ಒದಗಿಸುವ ನರಕೋಶಗಳು ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುತ್ತಾ ಬರುವುದರಿಂದ, ಮೊದಲು ಕೆಡುವುದು ಈ "ತಾನಾಗಿ" ಎಂಬ ಗುಣ. ಕಾಲಿನ ಬಲ ಉಳಿದಿರುತ್ತದೆ, ನಡೆಯುವ ಇಚ್ಛೆಯೂ ಇರುತ್ತದೆ. ಇವೆರಡನ್ನೂ ಜೋಡಿಸುವ ಅಭ್ಯಾಸದ ದಾರಿ ಕಡಿದಿರುತ್ತದೆ. ಕಣ್ಣೆದುರು ದಾಟಬೇಕಾದ ವಸ್ತುವೊಂದು ಬಂದಾಗ ಹೆಜ್ಜೆಯು ಅಭ್ಯಾಸದ ಕೆಲಸವಾಗಿ ಉಳಿಯದೆ ಉದ್ದೇಶಪೂರ್ವಕ ಕೆಲಸವಾಗುತ್ತದೆ; ಆಗ ಮಿದುಳು ಇನ್ನೂ ಚೆನ್ನಾಗಿರುವ ಬೇರೆ ದಾರಿಯನ್ನು ಹಿಡಿಯುತ್ತದೆ. ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು.

ನೆಲದ ಮೇಲೆ ಅಡ್ಡಗೆರೆಗಳಿದ್ದರೆ ಇಂಥ ರೋಗಿಗಳ ನಡಿಗೆ ಸುಧಾರಿಸುತ್ತದೆ ಎಂಬುದನ್ನು ಬ್ರಿಟನ್ನಿನ ನರರೋಗ ತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ 1967ರಲ್ಲೇ ದಾಖಲಿಸಿದ್ದರು. ಗೆರೆಗಳು ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದುದ್ದವಾಗಿ ಎಳೆದ ಗೆರೆ ಇಂಥ ಕೆಲಸಕ್ಕೆ ಬಾರದು. ಇನ್ನೂ ಸೋಜಿಗದ ಉದಾಹರಣೆ 2010ರಲ್ಲಿ ನೆದರ್ಲೆಂಡ್ಸಿನಿಂದ ಬಂತು: ಕೆಲವೇ ಹೆಜ್ಜೆಗಳಲ್ಲಿ ಕಾಲು ನೆಲದಲ್ಲಿ ಹೂತಂತೆ ನಿಂತುಬಿಟ್ಟು ಬೀಳುವಂತಾಗುತ್ತಿದ್ದ 58 ವರ್ಷದ ವ್ಯಕ್ತಿಯೊಬ್ಬರು ಸೈಕಲ್ ಏರಿದರೆ ಸಲೀಸಾಗಿ ತುಳಿದುಕೊಂಡು ಹೋಗುತ್ತಿದ್ದರು, ಇಳಿದ ಕೂಡಲೇ ಮತ್ತೆ ಅದೇ ಸ್ಥಿತಿ. ಕಾಲಿನಲ್ಲಿ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಿರಲ್ಲ, ಶಕ್ತಿ ಎಲ್ಲಿಗೂ ಹೋಗಿರುವುದಿಲ್ಲ.

ಹೆಜ್ಜೆ ಇಡಲು ನೆರವಾಗುವ ಇಂಥ ಹೊರಗಿನ ಸುಳಿವುಗಳನ್ನು ಮನೆಯಲ್ಲೇ ಕ್ರಮವಾಗಿ ಕಲಿಸಿದರೆ ಏನಾಗುತ್ತದೆ ಎಂದು ನೋಡಿದ್ದು 2007ರಲ್ಲಿ ಪ್ರಕಟವಾದ ರೆಸ್ಕ್ಯೂ ಎಂಬ ಯುರೋಪಿನ ಅಧ್ಯಯನ. ಅದರಲ್ಲಿ 153 ಮಂದಿ ಇದ್ದರು. ಮೂರು ವಾರಗಳ ಕಾಲ ಚಿಕಿತ್ಸಕರು ಮನೆಗೇ ಹೋಗಿ, ಲಯಬದ್ಧವಾದ ಸದ್ದು, ಬೆಳಕು ಅಥವಾ ಮೈಗೆ ತಾಕುವ ಕಂಪನ, ಇವುಗಳಲ್ಲಿ ರೋಗಿಗೆ ಒಗ್ಗಿದ್ದನ್ನು ಬಳಸಿ ನಡಿಗೆಯನ್ನು ಅಭ್ಯಾಸ ಮಾಡಿಸಿದರು. ನಡಿಗೆಯ ವೇಗವೂ ಹೆಜ್ಜೆಯ ಅಳತೆಯೂ ಹೆಚ್ಚಿದವು, ಕಾಲು ಹೂತುಹೋಗುವುದು ಸ್ವಲ್ಪ ತಗ್ಗಿತು. ಸುಧಾರಣೆ ದೊಡ್ಡದೇನಲ್ಲ, ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ತರಬೇತಿ ನಿಲ್ಲಿಸಿ ಆರು ವಾರ ಬಿಟ್ಟು ಮತ್ತೆ ಅಳೆದಾಗ ಗಳಿಸಿದ್ದರಲ್ಲಿ ಬಹುಪಾಲು ಸೋರಿಹೋಗಿತ್ತು. ತಿಂಗಳಿಗೆ ಎರಡು ಸಲ ಶಾಖ ಕೊಟ್ಟು ಕಳುಹಿಸಿದ್ದರಿಂದ ನಿಮ್ಮ ತಂದೆಯವರಿಗೆ ಏನೂ ಆಗಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಬೇಕಾದ ಚಿಕಿತ್ಸೆ ಅಲ್ಲಿ ಆರಂಭವೇ ಆಗಿರಲಿಲ್ಲ ಎನ್ನಬೇಕು.

ಎಚ್ಚರಿಕೆಯ ಮಾತೊಂದು. ಪಾದ ಅಡ್ಡ ಇಡುವುದನ್ನು ರೂಢಿ ಮಾಡಿಕೊಳ್ಳಬೇಡಿ. ಎಡವಿದರೆ ಇಬ್ಬರೂ ಬೀಳುತ್ತೀರಿ. ನೆಲದ ಬಣ್ಣಕ್ಕೆ ಎದ್ದು ಕಾಣುವ ಅಂಟುಪಟ್ಟಿಗಳನ್ನು ಬಾಗಿಲಿಗೆ ಮೊದಲೇ ಒಂದೊಂದು ಹೆಜ್ಜೆಯ ಅಂತರದಲ್ಲಿ ಅಂಟಿಸಿ ನೋಡಿ. ನಿಂತುಬಿಟ್ಟಾಗ ಮುಂದಕ್ಕೆ ನೂಕಿಕೊಳ್ಳದೆ, ಮೊದಲು ಪೂರ್ತಿ ನಿಂತು, ಹಿಮ್ಮಡಿ ಊರಿ, ಮೈಭಾರವನ್ನು ಎಡಬಲ ತೂಗಿ, ಆಮೇಲೆ ಒಂದು ದೊಡ್ಡ ಹೆಜ್ಜೆ ಇಡುವುದನ್ನು ಕಲಿಸಬೇಕು. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ, ಅಗಲವಾಗಿ ಸುತ್ತು ಹಾಕಿ ತಿರುಗಬೇಕು. ಇದನ್ನೆಲ್ಲ ಪಾರ್ಕಿನ್ಸನ್ ರೋಗಿಗಳೊಂದಿಗೆ ಕೆಲಸ ಮಾಡಿ ಅನುಭವವಿರುವವರ ಬಳಿ ಕಲಿಯುವುದು ಒಳ್ಳೆಯದು. ನೆದರ್ಲೆಂಡ್ಸಿನಲ್ಲಿ 2004ರಲ್ಲಿ ಪಾರ್ಕಿನ್ಸನ್‌ನೆಟ್ ಎಂಬ ವ್ಯವಸ್ಥೆ ಶುರುವಾದದ್ದೂ ಇದೇ ಕಾರಣಕ್ಕೆ: ಎಲ್ಲ ಚಿಕಿತ್ಸಕರೂ ವರ್ಷಕ್ಕೆ ಒಬ್ಬಿಬ್ಬರು ರೋಗಿಗಳನ್ನು ನೋಡುವ ಬದಲು, ತರಬೇತಿ ಪಡೆದ ಕೆಲವರು ಹೆಚ್ಚು ಹೆಚ್ಚು ರೋಗಿಗಳನ್ನು ನೋಡಿ ಕೈ ಪಳಗಿಸಿಕೊಳ್ಳಲಿ ಎಂಬುದು ಅದರ ತಿರುಳು.


ಉತ್ತರ 2
ಬರೆದವರು: ಅಂಕಿಸಂಗಾತಿ

ಚಿಕಿತ್ಸೆಯ ವಿಷಯವನ್ನು ಮೇಲಿನವರು ಬರೆದಿದ್ದಾರೆ. ವೈದ್ಯಕೀಯ ಪ್ರಯೋಗಗಳ ಅಂಕಿಅಂಶ ನೋಡುವುದು ನನ್ನ ಉದ್ಯೋಗವಾದ್ದರಿಂದ, ನೀವು ಹೆಸರಿಸಿದ ಎರಡು ಅಧ್ಯಯನಗಳು ನಿಜಕ್ಕೂ ಎದುರಾಡುತ್ತಿವೆಯೇ ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿವೆ.

2016ರ ಪಿಡಿ ರಿಹ್ಯಾಬ್ ಅಧ್ಯಯನವನ್ನು ಶೀರ್ಷಿಕೆಗೆ ನಿಲ್ಲಿಸದೆ ಒಳಗೆ ಓದಿದರೆ ಮೂರು ಸಂಗತಿಗಳು ಕಾಣುತ್ತವೆ. ಅದರಲ್ಲಿ ಸೇರಿದವರು ಕಾಯಿಲೆ ಸೌಮ್ಯ ಅಥವಾ ಮಧ್ಯಮ ಹಂತದಲ್ಲಿದ್ದವರು. ಚಿಕಿತ್ಸೆ ಬೇಕೇ ಬೇಕು ಎಂದು ವೈದ್ಯರಿಗೆ ಖಚಿತವಿದ್ದವರನ್ನು ಪ್ರಯೋಗದಿಂದ ಹೊರಗಿಡಲಾಗಿತ್ತು. ಅವರಿಗೆ ದೊರೆತ ಚಿಕಿತ್ಸೆ ಎಂಟು ವಾರಗಳ ಅವಧಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭೇಟಿಗಳು, ಪ್ರತಿಯೊಂದೂ ಸುಮಾರು ಒಂದು ಗಂಟೆ. ಅಳೆದದ್ದು ಎಲ್ಲರಿಗೂ ಒಂದೇ ಆದ ದಿನಚರಿಯ ಪ್ರಶ್ನಾವಳಿಯಿಂದ, ಮೂರು ತಿಂಗಳ ಹೊತ್ತಿಗೆ. ಅಂದರೆ "ಅಗತ್ಯ ಅಷ್ಟೇನೂ ತೀವ್ರವಾಗಿಲ್ಲದವರಿಗೆ ನಾಲ್ಕು ಗಂಟೆಯ ಚಿಕಿತ್ಸೆ ಕೊಟ್ಟರೆ ಸಾಕೇ?" ಎಂದು ಕೇಳಿ "ಸಾಲದು" ಎಂಬ ಉತ್ತರ ಪಡೆದಂತಾಯಿತು. ಇದು ಬೆಲೆಯುಳ್ಳ ಉತ್ತರವೇ, ಏಕೆಂದರೆ ಅನೇಕ ಕಡೆ ರೋಗಿಗಳಿಗೆ ಸಿಗುತ್ತಿರುವುದು ಅಷ್ಟೇ. ಫಿಸಿಯೋಥೆರಪಿಯೇ ವ್ಯರ್ಥ ಎಂಬ ತೀರ್ಪನ್ನು ಅದರಿಂದ ಎಳೆದು ತರುವುದು ಮಾತ್ರ ತಪ್ಪು.

ಅದರ ಪಕ್ಕದಲ್ಲಿ 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಆಕ್ಯುಪೇಷನಲ್ ಥೆರಪಿ ಅಧ್ಯಯನವನ್ನು ಇಟ್ಟು ನೋಡಿ. ಅದರಲ್ಲಿ ಇದ್ದವರು 191 ಮಂದಿ, ಹತ್ತು ವಾರ, ಚಿಕಿತ್ಸೆ ನಡೆದದ್ದು ಮನೆಯಲ್ಲೇ. ಅಂಗಿಯ ಗುಂಡಿ ಹಾಕಿಕೊಳ್ಳುವುದೋ, ಹಾಸಿಗೆಯಿಂದ ಏಳುವುದೋ, ತನಗೆ ಯಾವುದು ಕಷ್ಟ, ಯಾವುದು ಮುಖ್ಯ ಎಂಬುದನ್ನು ರೋಗಿಯೇ ಆರಿಸಬೇಕಿತ್ತು. ಅಳೆದದ್ದೂ ಆ ಕೆಲಸಗಳಲ್ಲಿ ಆದ ಸುಧಾರಣೆಯನ್ನೇ. ಅಲ್ಲಿ ಪ್ರಯೋಜನ ಕಂಡಿತು. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ. ಹಾಗೆಂದು ಇದನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ: ತಾನು ಚಿಕಿತ್ಸೆ ಪಡೆದಿದ್ದೇನೆಂದು ಗೊತ್ತಿರುವ ವ್ಯಕ್ತಿ ತನ್ನ ಸುಧಾರಣೆಗೆ ತಾನೇ ಅಂಕ ಕೊಡುವಾಗ ಸ್ವಲ್ಪ ಉದಾರಿಯಾಗುವುದು ಸಹಜ. ಮಾತ್ರೆಯ ಪ್ರಯೋಗದಲ್ಲಿ ಹುಸಿ ಮಾತ್ರೆ ಕೊಡಬಹುದು, ಹುಸಿ ನಡಿಗೆಯನ್ನು ಕೊಡಲಾಗದು. ಈ ಕ್ಷೇತ್ರದ ನಿವಾರಿಸಲಾಗದ ತೊಡಕು ಅದು.

2019ರ ಸೈಕಲ್ ಅಧ್ಯಯನ, ಅಂದರೆ ಪಾರ್ಕ್-ಇನ್-ಶೇಪ್, ಈ ತೊಡಕನ್ನು ಜಾಣತನದಿಂದ ನಿಭಾಯಿಸಿತು. 130 ಮಂದಿ ಸೌಮ್ಯ ಹಂತದ ರೋಗಿಗಳಲ್ಲಿ ಅರ್ಧದಷ್ಟು ಜನರು ವಾರಕ್ಕೆ ಮೂರು ಸಲ, 30ರಿಂದ 45 ನಿಮಿಷ, ಉಸಿರು ಏರುವಷ್ಟು ಸೈಕಲ್ ಯಂತ್ರ ತುಳಿದರು. ಉಳಿದರ್ಧ ಜನರೂ ಸುಮ್ಮನಿರಲಿಲ್ಲ, ಮೈಸಡಿಲಿಸುವ ವ್ಯಾಯಾಮ ಮಾಡಿದರು. ಆರು ತಿಂಗಳ ನಂತರ, ಮಾತ್ರೆಯ ಪರಿಣಾಮ ಇಳಿದ ಹೊತ್ತಿನಲ್ಲಿ, ಯಾರು ಯಾವ ಗುಂಪಿನವರೆಂದು ತಿಳಿಯದ ಪರೀಕ್ಷಕರು ಚಲನೆಯ ಅಂಕಗಳನ್ನು ಅಳೆದಾಗ ಗುಂಪುಗಳ ನಡುವೆ ಸೈಕಲ್ ತುಳಿದವರ ಪರವಾಗಿ 4.2 ಅಂಕಗಳ ವ್ಯತ್ಯಾಸವಿತ್ತು. 2018ರ ಅಮೆರಿಕದ ಸ್ಪಾರ್ಕ್ಸ್ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತ್ತು. ಇನ್ನೂ ಮಾತ್ರೆಯನ್ನೇ ಆರಂಭಿಸದ 128 ಮಂದಿಯಲ್ಲಿ, ಗರಿಷ್ಠ ಹೃದಯಬಡಿತದ ಶೇಕಡಾ 80ರಿಂದ 85ರಷ್ಟು ಬಿರುಸಿನಲ್ಲಿ ಟ್ರೆಡ್‌ಮಿಲ್ ಮೇಲೆ ನಡೆದವರ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಇಷ್ಟರಿಂದ ವ್ಯಾಯಾಮವು ನರಕೋಶಗಳ ನಾಶವನ್ನೇ ತಡೆಯುತ್ತದೆ ಎಂದು ಸಾಬೀತಾಗುವುದಿಲ್ಲ. ಲಕ್ಷಣ ತಗ್ಗುವುದು ಬೇರೆ, ಕಾಯಿಲೆಯ ಓಟ ತಗ್ಗುವುದು ಬೇರೆ. ಪತ್ರಿಕಾ ವರದಿಗಳು ಇವೆರಡನ್ನೂ ಕಲಸಿಬಿಡುತ್ತವೆ.

ಗಮನಿಸಿ, ಸೈಕಲ್ ಅಧ್ಯಯನದಲ್ಲಿದ್ದವರು ಸೌಮ್ಯ ಹಂತದವರು; ನಿಮ್ಮ ತಂದೆಯವರಂತೆ ಬಾಗಿಲಲ್ಲಿ ನಿಂತುಬಿಡುವವರನ್ನೇ ಆರಿಸಿದ್ದಲ್ಲ. ಸೈಕಲ್ ತುಳಿದರೆ ಉಸಿರಿನ ಸಾಮರ್ಥ್ಯ, ಒಟ್ಟಾರೆ ಚಲನೆ ಸುಧಾರಿಸಬಹುದು. ಬಾಗಿಲಿನ ಸಮಸ್ಯೆಗೆ ಬಾಗಿಲಿನ ಅಭ್ಯಾಸವೇ ಬೇಕು. ವ್ಯಾಯಾಮದ 150ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ಕಾಕ್ರೇನ್ ವಿಮರ್ಶೆ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಸಂಸ್ಥೆಯದು), ಹೆಚ್ಚಿನ ಬಗೆಯ ವ್ಯಾಯಾಮಗಳಿಂದ ಪ್ರಯೋಜನವಿದೆ, ಆದರೆ ಒಂದು ಬಗೆ ಮತ್ತೊಂದಕ್ಕಿಂತ ಮೇಲು ಎನ್ನಲು ಆಧಾರ ಕಡಿಮೆ ಎಂದಿತು. ಇಷ್ಟಪಟ್ಟು ಮಾಡುವ, ಬಿಡದೆ ಮಾಡುವ ವ್ಯಾಯಾಮವನ್ನು ಆರಿಸಿಕೊಳ್ಳಲು ಇದು ಒಳ್ಳೆಯ ಅನುಮತಿ ಎಂದು ನಾನು ಭಾವಿಸುತ್ತೇನೆ.


ಉತ್ತರ 3
ಬರೆದವರು: ನಿಧಾನಿ

ನನಗೆ ಈ ಕಾಯಿಲೆ ಬಂದು ಹನ್ನೊಂದು ವರ್ಷ. ಅಧ್ಯಯನಗಳ ಬಗ್ಗೆ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ; ಬಾಗಿಲ ಈಚೆ ನಿಂತವನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಕಾಲು ಹೂತಾಗ ದಯವಿಟ್ಟು ಕೈಹಿಡಿದು ಎಳೆಯಬೇಡಿ. ಎಳೆದಾಗ ಮೈ ಮುಂದೆ ಬರುತ್ತದೆ, ಕಾಲು ಬರುವುದಿಲ್ಲ. ನಾನು ಎರಡು ಸಲ ಬಿದ್ದದ್ದು ಪ್ರೀತಿಯಿಂದ ಎಳೆದವರ ಕೈಯಲ್ಲೇ. "ಬೇಗ, ಬೇಗ" ಎನ್ನುವುದರಿಂದ ಇನ್ನೂ ಬಿಗಿಯಾಗುತ್ತದೆ. ನಡೆಯುವಾಗ ಮಾತಾಡಿಸುವುದು ಇನ್ನೊಂದು ತೊಂದರೆ. ಪ್ರಶ್ನೆಗೆ ಉತ್ತರ ಹುಡುಕಲು ಹೋದ ಗಮನವು ಕಾಲಿನಿಂದ ಕದ್ದ ಗಮನ. ಆದರೆ ಸದಾ ಮೌನವಾಗಿ ನಡೆಯಲಾಗದಲ್ಲ? ನನ್ನ ಚಿಕಿತ್ಸಕಿ ಮೊದಲು ತಟ್ಟೆ ಹಿಡಿದು ನಡೆಯುವುದು, ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ನಡೆಯುವುದು, ಹೀಗೆ ಅಭ್ಯಾಸ ಮಾಡಿಸಿದರು. ಹೀಗೆ ಮಾಡಿಸಿದರೆ ಬೀಳುವುದು ಹೆಚ್ಚೀತೆಂಬ ಹೆದರಿಕೆ ಮೊದಲು ಇತ್ತಂತೆ. 2017ರಲ್ಲಿ ಪ್ರಕಟವಾದ ಡ್ಯುಯಾಲಿಟಿ ಎಂಬ ಅಧ್ಯಯನದಲ್ಲಿ 121 ಮಂದಿಗೆ ಮಾಡಿಸಿದಾಗ ನಡಿಗೆಯ ವೇಗ ಹೆಚ್ಚಿತು, ಬೀಳುವ ಅಪಾಯ ಹೆಚ್ಚಲಿಲ್ಲ ಎಂದು ಅವರೇ ತೋರಿಸಿದರು. ನನಗೆ ಎಂಬತ್ತಾರರಾಚೆ ಲೆಕ್ಕ ಈಗಲೂ ತಪ್ಪುತ್ತದೆ. ಅದು ಕಾಯಿಲೆಯಿಂದಲ್ಲ, ಶಾಲೆಯಲ್ಲೂ ತಪ್ಪುತ್ತಿತ್ತು.

ಸದ್ದಿನ ಸುಳಿವಿಗಾಗಿ ಮೊಬೈಲ್‌ನಲ್ಲಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ಹಾಕಿಕೊಂಡು ನಡೆಯುತ್ತಿದ್ದೆ. ಮನೆಯೊಳಗೆ ಅದು ಸರಿ. ವಾಹನಗಳ ನಡುವೆ ಕಿವಿ ಮುಚ್ಚಿಕೊಂಡು ನಡೆಯುವುದು ಅಪಾಯ. ಈಗ ಮನಸ್ಸಿನಲ್ಲೇ ಎಣಿಸುತ್ತೇನೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ, ಇಂದು ಕೆಲಸ ಮಾಡಿದ್ದು ನಾಳೆ ಹಳತಾಗುವುದೂ ಉಂಟು. ಆದ್ದರಿಂದ ಎರಡು ಮೂರು ಉಪಾಯಗಳು ಕೈಯಲ್ಲಿರಲಿ. ಹೊಸದನ್ನು ಕಲಿಯುವುದೇನಿದ್ದರೂ ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲೇ ಕಲಿಸಿ.


ಪ್ರಶ್ನೆ ಕೇಳಿದವರಿಂದ
ಬರೆದವರು: ಬಾಗಿಲಬಳಿ

ಮೂವರಿಗೂ ಕೃತಜ್ಞತೆಗಳು. ಕೈಹಿಡಿದು ಎಳೆಯುತ್ತಿದ್ದವರಲ್ಲಿ ನಾನೂ ಒಬ್ಬಳು. ನಿಧಾನಿಯವರ ಮಾತು ಓದಿದ ಮೇಲೆ ತಂದೆಯವರನ್ನು ಕೇಳಿದೆ, "ಹೇಳಿದರೆ ನೀನು ಬೇಸರ ಮಾಡಿಕೊಳ್ಳುತ್ತೀಯೆಂದು ಸುಮ್ಮನಿದ್ದೆ" ಎಂದರು. ಅದನ್ನೂ ಅಷ್ಟು ಮೆಲ್ಲಗೆ ಹೇಳಿದರೆಂದರೆ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಇನ್ನೆರಡು ಸಂದೇಹಗಳಿವೆ. ಈ ವರ್ಷ ಅವರು ಮೂರು ಸಲ ಬಿದ್ದಿದ್ದಾರೆ; ಹಾಗಿರುವಾಗ ಮನೆಯಲ್ಲಿ ನಾವೇ ವ್ಯಾಯಾಮ ಮಾಡಿಸಬಹುದೇ? ದನಿ ಕುಗ್ಗಿರುವುದಕ್ಕೂ ಇಂಥ ಚಿಕಿತ್ಸೆ ಇದೆಯೇ?


ಉತ್ತರ 4
ಬರೆದವರು: ಮೆಲುದನಿ

ದನಿಯ ಬಗ್ಗೆ ನಾನು ಹೇಳಬಲ್ಲೆ, ವಾಕ್ ಚಿಕಿತ್ಸೆ ನನ್ನ ಕ್ಷೇತ್ರ. ಪಾರ್ಕಿನ್ಸನ್ ಇರುವ ಅನೇಕರಿಗೆ ತಮ್ಮ ದನಿ ತಗ್ಗಿದೆಯೆಂದು ಅನ್ನಿಸುವುದೇ ಇಲ್ಲ; ಸಾಮಾನ್ಯ ದನಿಯಲ್ಲಿ ಮಾತಾಡಿಸಿದರೆ "ಕಿರುಚಿದ ಹಾಗಾಯಿತು" ಎನ್ನುತ್ತಾರೆ. ಒಳಗಿನ ಅಳತೆಯೇ ಜಾರಿರುತ್ತದೆ. ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರಿನಲ್ಲಿ, 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಲ್‌ಎಸ್‌ವಿಟಿ ಲೌಡ್ ಎಂಬ ಪದ್ಧತಿ ಈ ಒಂದೇ ಅಂಶದ ಮೇಲೆ ನಿಂತಿದೆ: ಗಟ್ಟಿಯಾಗಿ ಮಾತಾಡುವುದು, ಆ ಗಟ್ಟಿತನವೇ ಸಹಜವೆಂದು ಒಪ್ಪಿಕೊಳ್ಳುವುದು. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ಒಟ್ಟು 16 ಗಂಟೆಗಳು, ಜೊತೆಗೆ ದಿನವೂ ಮನೆಯಲ್ಲಿ ಅಭ್ಯಾಸ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಿಡಿ ಕಾಮ್ ಅಧ್ಯಯನದಲ್ಲಿ, 388 ಮಂದಿಯನ್ನು ಮೂರು ಗುಂಪು ಮಾಡಿ ಹೋಲಿಸಿದಾಗ, ಈ ಪದ್ಧತಿಯವರು ತಮ್ಮ ದನಿಯ ತೊಂದರೆ ತಗ್ಗಿದೆ ಎಂದರು. ಅಲ್ಲಿನ ಸರಕಾರಿ ಆರೋಗ್ಯ ಸೇವೆಯ ವಾಡಿಕೆಯ ವಾಕ್ ಚಿಕಿತ್ಸೆ ಪಡೆದವರಿಗೂ ಏನೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಮೇಲೆ ಅಂಕಿಸಂಗಾತಿಯವರು ಹೇಳಿದ ನಾಲ್ಕು ಗಂಟೆಯ ಕಥೆಯೇ ಇಲ್ಲೂ ಮರುಕಳಿಸಿದೆ. ಗಂಟಲಿನಲ್ಲಿ ಗಂಟು, ಊತ ಇಲ್ಲವೆಂದು ಮೊದಲು ಕಿವಿ ಮೂಗು ಗಂಟಲು ತಜ್ಞರಲ್ಲಿ ತೋರಿಸಿಕೊಳ್ಳಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನು ಮರೆಯದೆ ಹೇಳಿ, ಅದು ದನಿಗಿಂತ ತುರ್ತಿನ ವಿಷಯ.


ಉತ್ತರ 5
ಬರೆದವರು: ಹೆಜ್ಜೆಲೆಕ್ಕ

ಮೂರು ಸಲ ಬಿದ್ದಿದ್ದಾರೆ ಎಂಬುದನ್ನು ಮೊದಲೇ ಕೇಳಬೇಕಿತ್ತು, ನನ್ನದೇ ತಪ್ಪು. 2012ರ ಅಮೆರಿಕದ ಅಧ್ಯಯನವೊಂದರಲ್ಲಿ 195 ಮಂದಿ ಭಾಗವಹಿಸಿದ್ದರು. ಅವರಲ್ಲಿ ವಾರಕ್ಕೆರಡು ಸಲದಂತೆ 24 ವಾರ ತಾಯ್ ಚಿ (ನಿಧಾನ ಚಲನೆಗಳ ಚೀನೀ ವ್ಯಾಯಾಮ) ಕಲಿತವರು ಮೈಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು. ಆದರೆ ಅದು ಕಲಿಸುವವರ ಕಣ್ಣೆದುರು ನಡೆದ ತರಗತಿ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 231 ಮಂದಿಯ ಪೈಕಿ ಅರ್ಧದಷ್ಟು ಜನರಿಗೆ, ಬಹುಮಟ್ಟಿಗೆ ಮನೆಯಲ್ಲಿ ತಾವೇ ಮಾಡಿಕೊಳ್ಳುವಂತೆ ಸಮತೋಲನ ಮತ್ತು ಕಾಲಿನ ಬಲದ ವ್ಯಾಯಾಮ ಕೊಟ್ಟು ನೋಡಿದಾಗ, ಕಾಯಿಲೆ ಸೌಮ್ಯವಾಗಿದ್ದವರು ಬೀಳುವುದು ಬಹಳ ತಗ್ಗಿತು. ಕಾಯಿಲೆ ಮುಂದುವರಿದವರಲ್ಲಿ ತಗ್ಗಲಿಲ್ಲ, ಹೆಚ್ಚುವ ಕಡೆಗೇ ವಾಲಿತ್ತು. ನಿಮ್ಮ ತಂದೆಯವರು ಎರಡರ ನಡುವೆ ಎಲ್ಲಿದ್ದಾರೆಂದು ನೋಡದೆ ಹೇಳಲಾಗದು. ಹಾಗಾಗಿ ಕುಳಿತು ಮಾಡುವ ವ್ಯಾಯಾಮವನ್ನು ನೀವೇ ಮಾಡಿಸಿ, ಸೈಕಲ್ ಯಂತ್ರವನ್ನು ಹೃದಯದ ಪರೀಕ್ಷೆ ಮುಗಿದ ಮೇಲೆ ಶುರುಮಾಡಿ, ನಿಂತು ಮಾಡುವ ಸಮತೋಲನದ ಅಭ್ಯಾಸವನ್ನು ಮಾತ್ರ ಮೊದಲ ಕೆಲವು ವಾರ ಚಿಕಿತ್ಸಕರ ಎದುರಿನಲ್ಲೇ ನಡೆಸಿ. ನಿಂತಾಗ ರಕ್ತದೊತ್ತಡ ಇಳಿಯುತ್ತಿದೆಯೇ ಎಂದು ವೈದ್ಯರಿಂದ ಅಳೆಸಿಕೊಳ್ಳಿ. ಬೀಳುವುದಕ್ಕೆ ಅದೂ ಕಾರಣವಿರಬಹುದು, ಅದಕ್ಕೆ ಯಾವ ಅಂಟುಪಟ್ಟಿಯೂ ಮದ್ದಲ್ಲ.

ಹೊಸ ಚಿಕಿತ್ಸಕರನ್ನು ಕಂಡಾಗ, ವಾರಕ್ಕೆ ಎಷ್ಟು ದಿನ, ಎಷ್ಟು ವಾರ, ಏನನ್ನು ಅಳೆದು ನೋಡುತ್ತೀರಿ, ಮುಗಿದ ಮೇಲೆ ಮುಂದೇನು ಎಂದು ನೇರವಾಗಿ ಕೇಳಿ. ಉತ್ತರ ಶಾಖದ ಚೀಲದಿಂದ ಶುರುವಾದರೆ ಎದ್ದು ಬನ್ನಿ.


ಪ್ರಶ್ನೆ ಕೇಳಿದವರಿಂದ
ಬರೆದವರು: ಬಾಗಿಲಬಳಿ

ಮುಂದಿನ ವಾರ ಭೇಟಿ ನಿಗದಿಯಾಗಿದೆ, ಈ ನಾಲ್ಕು ಪ್ರಶ್ನೆಗಳನ್ನೂ ಬರೆದಿಟ್ಟುಕೊಂಡಿದ್ದೇನೆ. ನಿನ್ನೆ ಹಳದಿ ಅಂಟುಪಟ್ಟಿಗಳನ್ನು ಬಾಗಿಲವರೆಗೆ ಅಂಟಿಸಿದೆ. ಐದು ಪಟ್ಟಿಗಳನ್ನೂ ಒಂದೊಂದಾಗಿ ದಾಟಿ ಬಂದ ತಂದೆಯವರು, ಪಟ್ಟಿ ಮುಗಿದಲ್ಲಿ, ಸರಿಯಾಗಿ ಬಾಗಿಲಿನಲ್ಲೇ ನಿಂತುಬಿಟ್ಟರು.


ಉತ್ತರ 6
ಬರೆದವರು: ಹೆಜ್ಜೆಲೆಕ್ಕ

ಪಟ್ಟಿಗಳನ್ನು ಬಾಗಿಲಲ್ಲಿ ಮುಗಿಸಬೇಡಿ. ಒಳಗೂ ಮೂರು ಪಟ್ಟಿ ಅಂಟಿಸಿ. ನೆಲ ಒದ್ದೆಯಾಗುವ ಕಡೆ ಜಾರದಂಥ ಪಟ್ಟಿಯೇ ಇರಲಿ. ಬಾಗಿಲನ್ನು ನೋಡದೆ, ಅದರಾಚೆಯ ಮೊದಲ ಪಟ್ಟಿಯನ್ನು ನೋಡುತ್ತಾ ಬರಲು ಹೇಳಿ.